ಆಂಬುಲೆನ್ಸ್ ಸೈರನ್: ಬ್ಯಾಟರಿಯಿಂದ ಬಂಪರ್‌ವರೆಗಿನ ವೈರಿಂಗ್

ಟ್ರಸ್ಟ್‌ನವರೋ ಸಹಕಾರ ಸಂಘದವರೋ ಊರಿಗೊಂದು ಆಂಬುಲೆನ್ಸ್ ಬೇಕು ಅಂತ ಗಾಡಿ ಕೊಂಡಾಗ ಸ್ಟ್ರೆಚರ್ ಹೇಗಿದೆ, ಆಕ್ಸಿಜನ್ ಸಿಲಿಂಡರ್ ಎಲ್ಲಿ ಕೂರುತ್ತದೆ, ಮೇಲಿನ ಲೈಟ್ ಯಾವ ಬಣ್ಣ ಅಂತೆಲ್ಲ ವಿಚಾರಿಸುತ್ತಾರೆ. ಸೈರನ್ ವಿಷಯಕ್ಕೆ ಬಂದಾಗ ಮಾತ್ರ "ಜೋರಾಗಿ ಕೇಳಿಸಬೇಕು" ಅನ್ನುವುದೊಂದೇ ಮಾತು. ಬೆಂಗಳೂರಿನ ಜೆ.ಸಿ. ರಸ್ತೆಯಿಂದಲೋ ಹತ್ತಿರದ ಪೇಟೆಯಿಂದಲೋ ಒಂದು ಡಬ್ಬಿ ಬರುತ್ತದೆ, ಆಟೋ ಎಲೆಕ್ಟ್ರಿಷಿಯನ್ ಅರ್ಧ ದಿನದಲ್ಲಿ ಕೂರಿಸಿ ಕೊಡುತ್ತಾರೆ, ಒಂದು ಸಲ ಕೂಗಿಸಿ ನೋಡಿ ಎಲ್ಲರೂ ಒಪ್ಪಿಕೊಳ್ಳುತ್ತಾರೆ.

ಗಾಡಿ ಫ್ಯಾಕ್ಟರಿಯಿಂದ ಹೊರಬಂದ ಮೇಲೆ ಅದಕ್ಕೆ ಸೇರಿಸುವ ವಸ್ತುಗಳಲ್ಲಿ ಸೈರನ್ ಜಾಸ್ತಿ ಕರೆಂಟ್ ಎಳೆಯುವ ಸಾಲಿನದು. ಅದರ ವೈರಿಂಗ್ ತಪ್ಪಾದರೆ ಹಾಳಾಗುವುದು ಬರೀ ಸೈರನ್ ಅಲ್ಲ. ರೋಗಿ ಹಿಂದೆ ಮಲಗಿರುವಾಗ ಡ್ಯಾಶ್‌ಬೋರ್ಡ್ ಒಳಗಿಂದ ಹೊಗೆ ಬರಬಹುದು. ಹೆಡ್‌ಲೈಟಿನ ಫ್ಯೂಸ್ ಹಾರಿ ಘಾಟಿಯ ತಿರುವಿನಲ್ಲಿ ಕತ್ತಲಾಗಬಹುದು. ರಾತ್ರಿಯಿಡೀ ಬ್ಯಾಟರಿ ಇಳಿದು, ಬೆಳಗಿನ ಜಾವ ಕರೆ ಬಂದಾಗ ಗಾಡಿ ಸ್ಟಾರ್ಟೇ ಆಗದಿರಬಹುದು. ಹಾಗಾಗಿ ಈ ಕೆಲಸಕ್ಕೆ ನನ್ನ ಅಳತೆ ಇದು: ಸೈರನ್ ಕೆಟ್ಟರೆ ಸೈರನ್ ಮಾತ್ರ ಕೆಡಬೇಕು. ಗಾಡಿಯ ಬೇರೆ ಯಾವ ಭಾಗಕ್ಕೂ ಅದರಿಂದ ತೊಂದರೆ ಆಗಬಾರದು.

ಇಲ್ಲಿ ಹೇಳುತ್ತಿರುವುದು ಈಕೋ, ವಿಂಗರ್, ಟ್ರಾವೆಲರ್ ತರಹದ 12 ವೋಲ್ಟ್ ಗಾಡಿಗಳ ಬಗ್ಗೆ. ನಿಮ್ಮ ಸೈರನ್ ಜೊತೆ ಬಂದ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಪಾಲಿಸಿ. ಆ ಪುಸ್ತಕವನ್ನು ಡಬ್ಬಿಯ ಜೊತೆ ಎಸೆಯಬೇಡಿ, ಮುಂದೆ ಬೇಕಾಗುತ್ತದೆ.

ಕಾನೂನಿನ ಮಾತು ಮೊದಲು ಮುಗಿಸೋಣ. ಕೇಂದ್ರ ಮೋಟಾರು ವಾಹನ ನಿಯಮಗಳ 119ನೇ ನಿಯಮದ ಪ್ರಕಾರ ಮಾಮೂಲಿ ಗಾಡಿಗೆ ಬೇರೆ ಬೇರೆ ಸ್ವರ ಹೊರಡಿಸುವ ಹಾರ್ನ್ ಹಾಕುವಂತಿಲ್ಲ. ಆಂಬುಲೆನ್ಸ್, ಅಗ್ನಿಶಾಮಕ ವಾಹನ, ಕರ್ತವ್ಯದಲ್ಲಿರುವ ಪೊಲೀಸರ ಗಾಡಿಗಳಂಥವಕ್ಕೆ ವಿನಾಯಿತಿ ಇದೆ, ಆದರೆ ಅದೂ ನೋಂದಣಿ ಪ್ರಾಧಿಕಾರ, ಅಂದರೆ ನಿಮ್ಮ ಆರ್‌ಟಿಒ, ಒಪ್ಪಿದ ಶಬ್ದಕ್ಕೆ ಮಾತ್ರ. ಹಾಗಾಗಿ ಗಾಡಿ ಆಂಬುಲೆನ್ಸ್ ಅಂತ ನೋಂದಣಿ ಆಗುವ ಮುಂಚೆ ಸೈರನ್ ಕೂಗಿಸಿಕೊಂಡು ರಸ್ತೆಗೆ ಇಳಿಯಬೇಡಿ. 2019ರ ತಿದ್ದುಪಡಿಯಿಂದ ಬಂದ 194ಇ ಸೆಕ್ಷನ್ ಪ್ರಕಾರ ತುರ್ತು ವಾಹನಕ್ಕೆ ದಾರಿ ಬಿಡದವರಿಗೆ 10,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಜನ ದಾರಿ ಬಿಡಲೇಬೇಕು ಅಂತ ಕಾನೂನೇ ಹೇಳುವಾಗ, ಆ ಶಬ್ದದ ಮೇಲೆ ಜನರಿಗೆ ನಂಬಿಕೆ ಉಳಿಯುವ ಹಾಗೆ ಬಳಸುವುದು ನಮ್ಮ ಹೊಣೆ.

ಡಬ್ಬಿಯೊಳಗೆ ಏನಿದೆ

ಎಲೆಕ್ಟ್ರಾನಿಕ್ ಸೈರನ್ ಅಂದರೆ ಮೂರು ಭಾಗ. ಸ್ವರ ಹುಟ್ಟಿಸಿ ಅದನ್ನು ದೊಡ್ಡದು ಮಾಡುವ ಆಂಪ್ಲಿಫೈಯರ್, ಚಾಲಕ ಒತ್ತುವ ಬಟನ್‌ಗಳೂ ಮೈಕೂ ಇರುವ ಕಂಟ್ರೋಲ್, ಹೊರಗೆ ಕೂರುವ ಹಾರ್ನ್ ಸ್ಪೀಕರ್. ಕೆಲವು ಮಾದರಿಗಳಲ್ಲಿ ಮೊದಲೆರಡು ಒಂದೇ ಡಬ್ಬಿಯಲ್ಲಿರುತ್ತವೆ.

ಸ್ಪೀಕರ್ ಹಿಂದೆ ಸಾಮಾನ್ಯವಾಗಿ 100 ವ್ಯಾಟ್, 11 ಓಮ್ ಅಂತ ಬರೆದಿರುತ್ತದೆ. ವ್ಯಾಟ್ ಅಂದರೆ ಶಕ್ತಿಯ ಅಳತೆ, ಓಮ್ ಅಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ. ಈ ಎರಡು ಅಂಕಿ ಬಹಳ ಕೆಲಸಕ್ಕೆ ಬರುತ್ತವೆ. 12 ವೋಲ್ಟನ್ನು ನೇರವಾಗಿ 11 ಓಮ್ ಸ್ಪೀಕರ್‌ಗೆ ಕೊಟ್ಟರೆ ಲೆಕ್ಕದಲ್ಲಿ ಹುಟ್ಟುವುದು ಸುಮಾರು 13 ವ್ಯಾಟ್ ಅಷ್ಟೇ. 100 ವ್ಯಾಟ್ ಬೇಕಾದರೆ ಸ್ಪೀಕರ್ ತುದಿಯಲ್ಲಿ 33 ವೋಲ್ಟ್ ಹತ್ತಿರ ಇರಬೇಕು. ಆ ಏರಿಕೆ ಮಾಡಲು ಆಂಪ್ಲಿಫೈಯರ್ ಒಳಗೆ ಟ್ರಾನ್ಸ್‌ಫಾರ್ಮರ್, ಇಲ್ಲವೇ ಅದೇ ಕೆಲಸ ಮಾಡುವ ಸರ್ಕ್ಯೂಟ್ ಇರುತ್ತದೆ. ಇದರಿಂದ ಎರಡು ವಿಷಯ ನೆನಪಿಡಬೇಕು. ಸ್ಪೀಕರ್ ವೈರಿನಲ್ಲಿ ಬ್ಯಾಟರಿಗಿಂತ ಜಾಸ್ತಿ ವೋಲ್ಟೇಜ್ ಓಡುತ್ತಿರುತ್ತದೆ, ಸೈರನ್ ಆನ್ ಇರುವಾಗ ಒದ್ದೆ ಕೈಯಲ್ಲಿ ಅದರ ಜಾಯಿಂಟ್ ಮುಟ್ಟಬಾರದು. ಇನ್ನೊಂದು, ಸ್ಪೀಕರ್‌ನ ಎರಡೂ ವೈರ್ ಆಂಪ್ಲಿಫೈಯರ್‌ಗೇ ವಾಪಸ್ ಬರಬೇಕು. ಹಾರ್ನ್‌ಗೆ ಮಾಡಿದ ಹಾಗೆ ಒಂದು ವೈರನ್ನು ಗಾಡಿಯ ಲೋಹದ ಬಾಡಿಗೆ ಸಿಕ್ಕಿಸಿ ಅರ್ಥ್ (ಕರೆಂಟ್ ಬ್ಯಾಟರಿಯ ಮೈನಸ್‌ಗೆ ವಾಪಸ್ ಹೋಗುವ ದಾರಿ) ಮಾಡಿಬಿಡುವ ಅಭ್ಯಾಸ ಇಲ್ಲಿ ಬೇಡ, ಆಂಪ್ಲಿಫೈಯರ್‌ನ ಔಟ್‌ಪುಟ್ ಸುಟ್ಟುಹೋಗುವ ಅಪಾಯ ಇದೆ.

ಎರಡು ಸ್ಪೀಕರ್ ಹಾಕುವ ಆಸೆ ಇದ್ದರೆ ಆಂಪ್ಲಿಫೈಯರ್ 200 ವ್ಯಾಟ್‌ನದೇ ಇರಬೇಕು. ಎರಡು 11 ಓಮ್ ಸ್ಪೀಕರ್‌ಗಳನ್ನು ಪ್ಯಾರಲಲ್ ಆಗಿ, ಅಂದರೆ ಎರಡನ್ನೂ ಡಬ್ಬಿಯ ಅದೇ ಎರಡು ತುದಿಗೆ ಕೊಟ್ಟರೆ 5.5 ಓಮ್ ಆಗುತ್ತದೆ. 100 ವ್ಯಾಟ್‌ನ ಡಬ್ಬಿಯಿಂದ ಡಬಲ್ ಕರೆಂಟ್ ಎಳೆಯುತ್ತದೆ, ಡಬ್ಬಿ ಕಾದು ಸಾಯುತ್ತದೆ. ಎರಡು ಸ್ಪೀಕರ್‌ಗಳ ಪ್ಲಸ್-ಮೈನಸ್ ಒಂದೇ ಕ್ರಮದಲ್ಲಿರಬೇಕು. ಒಂದನ್ನು ಉಲ್ಟಾ ಕೊಟ್ಟರೆ ಒಂದು ಗಾಳಿಯನ್ನು ಮುಂದೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ, ಗಾಡಿಯ ನೇರ ಮುಂದೆ ಶಬ್ದ ಹೆಚ್ಚುವ ಬದಲು ಕಡಿಮೆಯಾಗುತ್ತದೆ. "ಎರಡು ಸ್ಪೀಕರ್ ಹಾಕಿಸಿದರೂ ಜೋರಾಗಲಿಲ್ಲ" ಅನ್ನುವ ದೂರಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ.

ಬ್ಯಾಟರಿ, ಫ್ಯೂಸ್, ವೈರ್

ಕೆಲಸ ಶುರು ಮಾಡುವಾಗ ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿ, ಕೊನೆಗೆ ಹಾಕುವಾಗ ಮೈನಸ್ ಕೊನೆಯಲ್ಲಿ. ಕಾರಣ ಸರಳ. ಮೈನಸ್ ಹಾಗೇ ಇರುವಾಗ ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ನೂರಾರು ಆಂಪಿಯರ್ ಆ ಸ್ಪ್ಯಾನರ್ ಮೂಲಕವೇ ಹರಿಯುತ್ತದೆ. ಕೈಯಲ್ಲಿ ಉಂಗುರ, ಕಡಗ, ಸ್ಟೀಲ್ ಚೈನಿನ ವಾಚ್ ಇದ್ದರೆ ತೆಗೆದಿಡಿ. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಬ್ಯಾಟರಿ ಬಿಚ್ಚಿದ ಕೂಡಲೇ ಡ್ಯಾಶ್‌ಬೋರ್ಡ್‌ಗೆ ಕೈ ಹಾಕಬೇಡಿ, ಗಾಡಿಯ ಪುಸ್ತಕದಲ್ಲಿ ಹೇಳಿದಷ್ಟು ಹೊತ್ತು ಕಾಯಿರಿ. ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗ್‌ದು. ಅದನ್ನು ಮುಟ್ಟುವ ಹಾಗೇ ಇಲ್ಲ.

100 ವ್ಯಾಟ್‌ನ ಸೈರನ್ ಪೂರ್ತಿ ಕೂಗುವಾಗ ಹೆಚ್ಚು ಕಡಿಮೆ 8ರಿಂದ 10 ಆಂಪಿಯರ್ ಎಳೆಯುತ್ತದೆ, 200 ವ್ಯಾಟ್‌ನದು 20ರ ಹತ್ತಿರ ಹೋಗುತ್ತದೆ. ಇಷ್ಟನ್ನು ಸಿಗಾರ್ ಲೈಟರ್ ಸಾಕೆಟ್‌ನಿಂದಲೋ, ಹೆಡ್‌ಲೈಟ್ ವೈರಿನಿಂದಲೋ, ಇರುವ ಹಾರ್ನ್ ಲೈನಿನಿಂದಲೋ ಕದ್ದು ತೆಗೆಯುವುದು ತಪ್ಪು. ಆ ವೈರ್‌ಗಳ ದಪ್ಪ, ಆ ಫ್ಯೂಸ್‌ಗಳ ಲೆಕ್ಕ ಎಲ್ಲವೂ ಅವುಗಳ ಸ್ವಂತ ಕೆಲಸಕ್ಕೆ ಹೊಂದಿಸಿಟ್ಟದ್ದು. ಸೈರನ್‌ಗೆ ಬ್ಯಾಟರಿಯಿಂದಲೇ ಪ್ರತ್ಯೇಕ ಲೈನ್ ಬೇಕು. ಹಿಂದಿನ ಕ್ಯಾಬಿನ್‌ನಲ್ಲಿ ಸಕ್ಷನ್ ಮೆಷಿನ್, ಇನ್ವರ್ಟರ್, ಮಾನಿಟರ್ ಇದ್ದರೆ ಅವುಗಳ ಲೈನಿನ ಜೊತೆಗಂತೂ ಸೇರಿಸಲೇಬಾರದು. ಸೈರನ್ ಶಾರ್ಟ್ ಆದದ್ದಕ್ಕೆ ರೋಗಿಯ ಮಾನಿಟರ್ ಆರಿಹೋಗುವ ಸ್ಥಿತಿ ಯಾರಿಗೂ ಬೇಡ.

ಫ್ಯೂಸ್ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು, ಯಾಕೆಂದರೆ ಇಲ್ಲೇ ಜಾಸ್ತಿ ತಪ್ಪು ತಿಳಿವಳಿಕೆ ಇದೆ. ಸೈರನ್ ಡಬ್ಬಿಯಲ್ಲೇ ಒಂದು ಫ್ಯೂಸ್ ಇದೆಯಲ್ಲ, ಇನ್ನೊಂದು ಯಾಕೆ ಅಂತ ಕೇಳುತ್ತಾರೆ. ಡಬ್ಬಿಯ ಫ್ಯೂಸ್ ಕಾಯುವುದು ಡಬ್ಬಿಯನ್ನು. ಬ್ಯಾಟರಿ ಹತ್ತಿರ ಹಾಕುವ ಫ್ಯೂಸ್ ಕಾಯುವುದು ಬ್ಯಾಟರಿಯಿಂದ ಡಬ್ಬಿವರೆಗಿನ ವೈರನ್ನು. ತೋಟದಲ್ಲಿ ಟ್ಯಾಂಕಿನ ಬುಡಕ್ಕೆ ವಾಲ್ವ್ ಇಡದೆ ಕೊನೆಯ ನಲ್ಲಿಗೆ ಮಾತ್ರ ಇಟ್ಟರೆ, ನಡುವೆ ಪೈಪ್ ಒಡೆದಾಗ ನಿಲ್ಲಿಸುವುದು ಎಲ್ಲಿ? ಹಾಗೇ ಇದು. ಆದ್ದರಿಂದ ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಬೇಕು, ನೀರು ಒಳಗೆ ಹೋಗದ ಮುಚ್ಚಳದ ಹೋಲ್ಡರ್‌ನಲ್ಲಿ. ಒಂದು ಸ್ಪೀಕರ್‌ನ ಸೈರನ್‌ಗೆ 15 ಆಂಪಿಯರ್ ಸಾಮಾನ್ಯವಾಗಿ ಸಾಕು. 200 ವ್ಯಾಟ್‌ನದಕ್ಕೆ ಪುಸ್ತಕ ಹೇಳಿದ್ದು, ಹೆಚ್ಚಾಗಿ 25 ಅಥವಾ 30. ಪದೇ ಪದೇ ಫ್ಯೂಸ್ ಹಾರುತ್ತಿದೆ ಅಂತ ದೊಡ್ಡ ಫ್ಯೂಸ್ ತುರುಕುವುದು, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವುದು, ತಂತಿ ಕಟ್ಟುವುದು ಮಾಡಿದರೆ ಮುಂದಿನ ಸಲ ಕರಗುವುದು ವೈರೇ. ಫ್ಯೂಸ್ ಹಾರಿದೆ ಅಂದರೆ ಎಲ್ಲೋ ಏನೋ ತಪ್ಪಾಗಿದೆ, ಅದನ್ನು ಹುಡುಕಬೇಕು.

ವೈರ್ ಎಷ್ಟು ದಪ್ಪ? ಲೆಕ್ಕ ಹಾಕಿ ನೋಡೋಣ. ಬ್ಯಾಟರಿಯಿಂದ ಡಬ್ಬಿಗೆ 4 ಮೀಟರ್, ಅರ್ಥ್ ವಾಪಸ್ ಬರಲು ಇನ್ನೊಂದು 4 ಮೀಟರ್, ಒಟ್ಟು 8 ಮೀಟರ್ ತಾಮ್ರ ಅಂದುಕೊಳ್ಳಿ. 1 ಸ್ಕ್ವೇರ್ ಎಂಎಂ ವೈರ್ ಹಾಕಿದರೆ 10 ಆಂಪಿಯರ್ ಹರಿಯುವಾಗ ದಾರಿಯಲ್ಲೇ 1.4 ವೋಲ್ಟ್ ಕಳೆದುಹೋಗುತ್ತದೆ, ಅಂದರೆ 14 ವ್ಯಾಟ್ ಶಾಖ ಆ ವೈರಿನಲ್ಲೇ ಹುಟ್ಟುತ್ತದೆ. 2.5 ಹಾಕಿದರೆ ನಷ್ಟ 0.56 ವೋಲ್ಟ್, 4 ಹಾಕಿದರೆ 0.35. ಹಾಗಾಗಿ ಒಂದು ಸ್ಪೀಕರ್‌ಗೆ 4 ಸ್ಕ್ವೇರ್ ಎಂಎಂ, ಎರಡಕ್ಕೆ 6 ಹಾಕಿ ಅನ್ನುತ್ತೇನೆ. ನಿಜ ಹೇಳಬೇಕೆಂದರೆ ಒಂದು ವೋಲ್ಟ್ ಕಡಿಮೆಯಾದರೆ ಕಿವಿಗೆ ಶಬ್ದದ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ. ತೊಂದರೆ ಬರುವುದು ಬೇರೆ ಕಡೆ. ಹಳೆಯ ಬ್ಯಾಟರಿ, ಹೆಡ್‌ಲೈಟ್, ಎಸಿ, ಮೇಲಿನ ಲೈಟ್ ಎಲ್ಲ ಒಟ್ಟಿಗೆ ಓಡುವಾಗ ಸೈರನ್ ಡಬ್ಬಿಗೆ ತಲುಪುವ ವೋಲ್ಟೇಜ್ ಇನ್ನೂ ಇಳಿದು, ಅದು ಕೂಗುತ್ತಾ ಕೂಗುತ್ತಾ ತಾನಾಗಿ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಡಬ್ಬಿ ಕೆಟ್ಟಿದೆ ಅಂತ ಹೊಸದು ತರುತ್ತಾರೆ, ಹೊಸದೂ ಹಾಗೇ ಮಾಡುತ್ತದೆ. ಮನೆಯ ವೈರಿಂಗ್‌ಗೆ ಬರುವ ಒಂದೇ ಗಟ್ಟಿ ತಂತಿಯ ವೈರ್ ಬೇಡ, ಅದು ಗಾಡಿಯ ಅದುರುವಿಕೆಗೆ ಮುರಿಯುತ್ತದೆ. ಸಣ್ಣ ಎಳೆಗಳಿರುವ, ಎಂಜಿನ್ ಬಿಸಿ ತಡೆಯುವ ಆಟೋ ವೈರೇ ತನ್ನಿ.

ಇನ್ನು ಅರ್ಥ್. ಪ್ಲಸ್ ಲೈನಿಗೆ ಕೊಡುವ ಗಮನದ ಅರ್ಧವನ್ನೂ ಇದಕ್ಕೆ ಕೊಡುವುದಿಲ್ಲ. ಡ್ಯಾಶ್‌ಬೋರ್ಡ್ ಕೆಳಗೆ ಸಿಕ್ಕ ಸ್ಕ್ರೂಗೆ ಸಿಕ್ಕಿಸಿ ಬಿಡುತ್ತಾರೆ. ಆ ಸ್ಕ್ರೂ ಪ್ಲಾಸ್ಟಿಕ್ ಹಿಡಿದುಕೊಂಡಿರುವ ತಗಡಿನದಾಗಿರಬಹುದು, ಪೇಂಟಿನ ಮೇಲೆ ಕೂತಿರಬಹುದು. ಎಲ್ಲಕ್ಕಿಂತ ಒಳ್ಳೆಯದು ಅರ್ಥ್‌ಗೂ ಪ್ಲಸ್‌ನಷ್ಟೇ ದಪ್ಪದ ವೈರನ್ನು ಬ್ಯಾಟರಿ ಕಡೆಗೇ ಎಳೆಯುವುದು. ಹೊಸ ಗಾಡಿಗಳಲ್ಲಿ ಬ್ಯಾಟರಿಯ ಮೈನಸ್ ಮೇಲೆ ಪುಟ್ಟ ಸೆನ್ಸರ್ ಕೂತಿದ್ದರೆ ಎಚ್ಚರ, ಅದು ಬ್ಯಾಟರಿಗೆ ಹೋಗಿ ಬರುವ ಕರೆಂಟನ್ನು ಅಳೆಯುತ್ತಿರುತ್ತದೆ. ನಿಮ್ಮ ವೈರನ್ನು ಬ್ಯಾಟರಿಯ ಮೈನಸ್ ಮೇಲೆಯೇ ಕೂರಿಸಿದರೆ ಸೈರನ್ ಎಳೆದ ಕರೆಂಟ್ ಅದರ ಲೆಕ್ಕಕ್ಕೇ ಬರುವುದಿಲ್ಲ, ಚಾರ್ಜಿಂಗ್ ತಪ್ಪುತ್ತದೆ. ಅಂಥ ಗಾಡಿಯಲ್ಲಿ ಸೆನ್ಸರ್‌ನ ಆಚೆ, ಬ್ಯಾಟರಿ ಕೇಬಲ್ ಚಾಸಿಗೆ ಸೇರುವ ಬೋಲ್ಟ್‌ಗೇ ಕೊಡಿ. ಬಾಡಿಗೆ ಕೊಡುವುದೇ ಆದರೆ ಪೇಂಟ್ ಕೆರೆದು, ಹೊಳೆಯುವ ಲೋಹ ಕಾಣಿಸಿ, ಹಲ್ಲಿರುವ ವಾಷರ್ ಹಾಕಿ ಬಿಗಿ ಮಾಡಿ. ಮೇಲೆ ಸ್ವಲ್ಪ ವ್ಯಾಸಲೀನ್ ಸವರಿ. ಮಂಗಳೂರು, ಕುಂದಾಪುರ, ಕಾರವಾರದ ಉಪ್ಪುಗಾಳಿಯಲ್ಲಿ ಓಡುವ ಗಾಡಿಗೆ ಇದು ಬೇಕೇ ಬೇಕು, ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ಹಸಿರು ತುಕ್ಕು ಹಿಡಿಯುತ್ತದೆ.

ಜಾಯಿಂಟ್ ಅಂದರೆ ವೈರ್ ತಿರುಚಿ ಟೇಪ್ ಸುತ್ತುವುದಲ್ಲ. ಎಂಜಿನ್ ಬಿಸಿಗೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ, ಬರಿ ತಾಮ್ರ ಬಾಡಿಗೆ ತಾಗುತ್ತದೆ. ಸರಿಯಾದ ಅಳತೆಯ ಲಗ್ (ವೈರಿನ ತುದಿಗೆ ತೊಡಿಸುವ ಲೋಹದ ತುಂಡು) ಹಾಕಿ, ಕ್ರಿಂಪಿಂಗ್ ಪ್ಲೈಯರ್‌ನಲ್ಲಿ ಒತ್ತಿ, ಎಳೆದು ನೋಡಿ, ಮೇಲೆ ಬಿಸಿಗೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಕೊಳವೆ ತೊಡಿಸಿ. ಕಟಿಂಗ್ ಪ್ಲೈಯರ್‌ನಲ್ಲಿ ಜಜ್ಜಿದ ಲಗ್ ಇವತ್ತು ಹಿಡಿದುಕೊಂಡರೂ ಹಳ್ಳಿ ರಸ್ತೆಯ ಗುಂಡಿಗಳಲ್ಲಿ ಓಡುವ ಗಾಡಿಯಲ್ಲಿ ಜಾಸ್ತಿ ದಿನ ಉಳಿಯುವುದಿಲ್ಲ.

ವೈರ್ ಹೋಗುವ ದಾರಿಯಲ್ಲಿ ನೋಡಬೇಕಾದದ್ದು ಮೂರು ಕಡೆ ಇದೆ. ಎಂಜಿನ್ ಕಡೆಯಿಂದ ಕ್ಯಾಬಿನ್‌ಗೆ ದಾಟುವ ತಗಡಿನ ತೂತಿಗೆ ರಬ್ಬರ್ ಗ್ರೋಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಇಲ್ಲದಿದ್ದರೆ ತಗಡಿನ ಅಂಚು ನಿಧಾನವಾಗಿ ವೈರಿನ ಸಿಪ್ಪೆ ಕೊಯ್ಯುತ್ತದೆ. ಸೈಲೆನ್ಸರ್ ಪೈಪ್, ರೇಡಿಯೇಟರ್ ಫ್ಯಾನ್, ಸ್ಟೇರಿಂಗ್ ರಾಡ್ ಇವುಗಳಿಂದ ದೂರ ಇಟ್ಟು, ಸುಕ್ಕು ಸುಕ್ಕಾದ ಫ್ಲೆಕ್ಸಿಬಲ್ ಪೈಪಿನೊಳಗೆ ಹಾಕಿ ಕಟ್ಟಬೇಕು. ಈಕೋದಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗೇ ಇರುವುದರಿಂದ ಆ ಭಾಗದ ಮೇಲೆ ವೈರ್ ಹಾಯಿಸುವುದು ಬೇಡ, ಸುತ್ತಿಕೊಂಡು ಹೋದರೂ ಪರವಾಗಿಲ್ಲ. ಮೂರನೆಯದು, ನನಗೆ ತುಂಬಾ ಮುಖ್ಯ ಅನ್ನಿಸುವುದು, ಆಕ್ಸಿಜನ್. ಹಿಂದಿನ ಕ್ಯಾಬಿನ್‌ನ ಗೋಡೆ, ಚಾವಣಿಯೊಳಗೆ ಆಕ್ಸಿಜನ್ ಪೈಪ್ ಎಲ್ಲಿ ಹೋಗಿದೆ ಅಂತ ತಿಳಿಯದೆ ಡ್ರಿಲ್ ಮೆಷಿನ್ ಕೈಗೆತ್ತಿಕೊಳ್ಳಬಾರದು. ಕೆಲಸದ ಹೊತ್ತಿನಲ್ಲಿ ಸಿಲಿಂಡರ್ ವಾಲ್ವ್ ಮುಚ್ಚಿ, ಸಾಧ್ಯವಾದರೆ ಸಿಲಿಂಡರನ್ನೇ ಇಳಿಸಿ, ಬಾಗಿಲು ತೆರೆದಿಡಿ. ಆಕ್ಸಿಜನ್ ತಾನಾಗಿ ಉರಿಯುವುದಿಲ್ಲ, ಆದರೆ ಅದು ಸೋರಿ ತುಂಬಿಕೊಂಡ ಜಾಗದಲ್ಲಿ ಸಣ್ಣ ಕಿಡಿಯೂ ಬಟ್ಟೆ, ಫೋಮ್, ವೈರಿನ ಸಿಪ್ಪೆಗಳನ್ನು ಭಯಂಕರ ವೇಗದಲ್ಲಿ ಉರಿಸಿಬಿಡುತ್ತದೆ. ಈಗಷ್ಟೇ ವ್ಯಾಸಲೀನ್, ಗ್ರೀಸ್ ಮುಟ್ಟಿದ ಕೈಯಲ್ಲಿ ಆಕ್ಸಿಜನ್ ರೆಗ್ಯುಲೇಟರ್ ಮುಟ್ಟಬೇಡಿ, ಒತ್ತಡದ ಆಕ್ಸಿಜನ್‌ಗೆ ಜಿಡ್ಡು ತಾಗಿದರೆ ಅದೇ ಹೊತ್ತಿಕೊಳ್ಳಬಹುದು. ನೆಲದಲ್ಲಿ ತೂತು ಹಾಕುವಾಗ ಕೆಳಗೆ ಡೀಸೆಲ್ ಪೈಪ್, ಬ್ರೇಕ್ ಪೈಪ್ ಇದೆಯಾ ಅಂತ ಬಗ್ಗಿ ನೋಡುವುದನ್ನು ಬಿಡಬೇಡಿ.

ಸ್ಪೀಕರ್ ಎಲ್ಲಿ ಕೂರಬೇಕು

ಸ್ಪೀಕರನ್ನು ಗಾಡಿಯ ತೀರಾ ಮುಂದೆ, ಗ್ರಿಲ್ ಹಿಂದೆ ಅಥವಾ ಬಂಪರ್ ಮೇಲೆ, ನೇರ ಮುಂದಕ್ಕೆ ನೋಡುವಂತೆ ಕೂರಿಸಬೇಕು. ತುಂಬಾ ಜನ ಕ್ಯಾಬಿನ್ ಮೇಲೆ ಕೂರಿಸುತ್ತಾರೆ, ಎತ್ತರದಲ್ಲಿದ್ದರೆ ದೂರ ಕೇಳಿಸುತ್ತದೆ ಅಂತ. ಆದರೆ ಚಾಲಕನ ತಲೆಯ ಮೇಲೆ ಕೂತ ಸ್ಪೀಕರ್ ಅವನ ಕಿವಿಗೇ ಮೊದಲು ಬಡಿಯುತ್ತದೆ. ಇಂಥ ಸೈರನ್ ಮೂರು ಮೀಟರ್ ಮುಂದೆ 120 ಡೆಸಿಬಲ್ ಆಸುಪಾಸು ಇರುತ್ತದೆ. ಕೆಲಸದ ಜಾಗದ ಶಬ್ದಕ್ಕೆ ಅಮೆರಿಕದ ನಿಯೋಶ್ ಸಂಸ್ಥೆ ಹೇಳುವ ಮಿತಿ 85 ಡೆಸಿಬಲ್‌ಗೆ 8 ಗಂಟೆ, ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗ ಸಮಯ ಅರ್ಧವಾಗುತ್ತದೆ, 100 ಡೆಸಿಬಲ್‌ಗೆ ಬರುವಷ್ಟರಲ್ಲಿ 15 ನಿಮಿಷ ಮಾತ್ರ. ವರ್ಷಗಟ್ಟಲೆ ಸೈರನ್ ಕೆಳಗೆ ಕೂತು ಗಾಡಿ ಓಡಿಸುವ ಚಾಲಕರ ಕಿವಿಯ ಬಗ್ಗೆ ನಮ್ಮಲ್ಲಿ ಯಾರೂ ಮಾತಾಡುವುದೇ ಇಲ್ಲ, ಅದು ನನಗೆ ಬೇಸರದ ಸಂಗತಿ. ಅವರ ಪಕ್ಕ ಕೂರುವ ನರ್ಸ್, ಹಿಂದೆ ಮಲಗಿದ ರೋಗಿ, ಇವರಿಗೂ ಅದೇ ಶಬ್ದ. ಸ್ಪೀಕರ್ ಮುಂದಕ್ಕೆ ಹೋದರೆ, ಕಿಟಕಿ ಮುಚ್ಚಿದ್ದರೆ ಒಳಗಿನ ಶಬ್ದ ತುಂಬಾ ತಗ್ಗುತ್ತದೆ.

ಹೊರಗಿನವರಿಗೆ ಎಷ್ಟು ದೂರ ಕೇಳಿಸುತ್ತದೆ ಅನ್ನುವ ಲೆಕ್ಕವನ್ನೂ ಮಾಡಿ. ಬಯಲಲ್ಲಿ ದೂರ ಡಬಲ್ ಆದಾಗಲೆಲ್ಲ ಶಬ್ದ 6 ಡೆಸಿಬಲ್ ಇಳಿಯುತ್ತದೆ. 3 ಮೀಟರ್‌ನಲ್ಲಿ 120 ಇದ್ದದ್ದು 6ರಲ್ಲಿ 114, 12ರಲ್ಲಿ 108, 24ರಲ್ಲಿ 102, 48 ಮೀಟರ್‌ನಲ್ಲಿ 96. ಗಾಜು ಮುಚ್ಚಿದ ಕಾರು ಅದರಲ್ಲಿ 25-30 ಡೆಸಿಬಲ್ ತಡೆದುಬಿಡುತ್ತದೆ, ಉಳಿಯುವುದು 70ರ ಆಸುಪಾಸು. ಒಳಗೆ ಎಸಿ ಫ್ಯಾನ್ ಮತ್ತು ಹಾಡು ಓಡುತ್ತಿದ್ದರೆ ಅದೂ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಅಂದರೆ ಐವತ್ತು ಮೀಟರ್ ದೂರದ ಕಾರಿನವರಿಗೆ ನಿಮ್ಮ ಸೈರನ್ ಕೇಳಿಸಲಿಕ್ಕಿಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ನೀವು ಆ ಐವತ್ತು ಮೀಟರ್ ದಾಟಲು ಮೂರು ಸೆಕೆಂಡ್ ಸಾಕು. ಅವರಿಗೆ ಕೇಳಿಸಿ, ಎಲ್ಲಿಂದ ಅಂತ ಗೊತ್ತಾಗಿ, ಬ್ರೇಕ್ ಒತ್ತಲು ಇರುವುದು ಅಷ್ಟೇ ಹೊತ್ತು. ಅಡ್ಡರಸ್ತೆಯಲ್ಲಿ ಕಟ್ಟಡದ ಮರೆಯಿಂದ ಬರುವವರಿಗೆ ಇನ್ನೂ ಕಡಿಮೆ. ಸೈರನ್ ಹಾಕಿದ್ದೇನೆ, ಸರ್ಕಲ್‌ನಲ್ಲಿ ಎಲ್ಲರೂ ನಿಂತಿರುತ್ತಾರೆ ಅಂತ ನುಗ್ಗಬಾರದು ಅನ್ನುವುದಕ್ಕೆ ಈ ಲೆಕ್ಕವೇ ಸಾಕ್ಷಿ.

ಎರಡು ಸ್ಪೀಕರ್ ಹಾಕಿದರೂ ನೇರ ಮುಂದೆ ಸಿಗುವ ಲಾಭ ಹೆಚ್ಚೆಂದರೆ 6 ಡೆಸಿಬಲ್. ಕಿವಿಗೆ "ಡಬಲ್ ಜೋರು" ಅನ್ನಿಸಲು ಸುಮಾರು 10 ಬೇಕು. ಅದಕ್ಕಿಂತ ಇರುವ ಒಂದು ಸ್ಪೀಕರ್ ಮುಂದೆ ನಂಬರ್ ಪ್ಲೇಟ್, ಬಂಪರ್ ತಗಡು, ಅಲಂಕಾರದ ಜಾಲರಿ ಅಡ್ಡ ಬರದ ಹಾಗೆ ನೋಡಿಕೊಂಡರೆ ಖರ್ಚಿಲ್ಲದೆ ಜಾಸ್ತಿ ಸಿಗುತ್ತದೆ.

ಹಾರ್ನ್‌ನ ಬಾಯಿ ಸ್ವಲ್ಪ ಕೆಳಮುಖವಾಗಿರಲಿ, ನೀರು ಹರಿದು ಹೋಗುವ ಸಣ್ಣ ತೂತು ಇದ್ದರೆ ಅದು ಕೆಳಗೇ ಬರಲಿ. ರೇಡಿಯೇಟರ್‌ಗೆ ಗಾಳಿ ಹೋಗುವ ದಾರಿಯನ್ನು ಮುಚ್ಚಬೇಡಿ. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಮುಂಭಾಗದಲ್ಲಿ ಡಿಕ್ಕಿ ಗುರುತಿಸುವ ಸೆನ್ಸರ್ ಇರಬಹುದು, ಅದರ ಬ್ರ್ಯಾಕೆಟ್ ಮೇಲೆ ಸ್ಪೀಕರ್ ಕೂರಿಸಬಾರದು. ಸ್ಪೀಕರ್ ಎರಡು ಕಿಲೋಗೂ ಜಾಸ್ತಿ ತೂಗಬಹುದು, ಪ್ಲಾಸ್ಟಿಕ್ ಗ್ರಿಲ್‌ಗೆ ಕಟ್ಟದೆ ಲೋಹದ ಭಾಗಕ್ಕೆ ಲಾಕ್ ನಟ್ ಹಾಕಿ ಬಿಗಿಯಿರಿ. ಸ್ಪೀಕರ್ ವೈರ್ ಎರಡನ್ನೂ ಒಂದರ ಮೇಲೊಂದು ಹುರಿ ಹಾಕಿ, ರೇಡಿಯೋ ಆಂಟೆನಾ ವೈರ್, ಮೈಕ್ ವೈರ್‌ಗಳಿಂದ ಬೇರೆ ದಾರಿಯಲ್ಲಿ ಒಯ್ದರೆ ಒಳಗೆ ಗೊರಗೊರ ಸದ್ದು ಬರುವುದಿಲ್ಲ.

ಚಾಲಕನ ಕೈಗೆ ಸಿಗುವ ಭಾಗ

ಕಂಟ್ರೋಲ್ ಬಟನ್‌ಗಳು ರಸ್ತೆಯಿಂದ ಕಣ್ಣು ತೆಗೆಯದೆ ಕೈಗೆ ಸಿಗಬೇಕು. ಆದರೆ ಏರ್‌ಬ್ಯಾಗ್ ಉಬ್ಬಿ ಬರುವ ಜಾಗದಲ್ಲಿ ಇರಬಾರದು, ಅದು ತೆರೆದುಕೊಳ್ಳುವಾಗ ಆ ಡಬ್ಬಿ ಗುಂಡಿನ ವೇಗದಲ್ಲಿ ಮುಖಕ್ಕೆ ಬರುತ್ತದೆ. ಮೈಕಿನ ಸುರುಳಿ ವೈರ್ ಗೇರ್ ಲಿವರ್‌ಗೆ ಸಿಕ್ಕಿಕೊಳ್ಳಬಾರದು. ಆಂಪ್ಲಿಫೈಯರ್ ಬಿಸಿಯಾಗುವ ವಸ್ತು, ಗಾಜಿನ ಕೆಳಗೆ ಬಿಸಿಲಲ್ಲಾಗಲಿ, ಸೀಟಿನ ಕೆಳಗೆ ಫೈಲುಗಳ ನಡುವೆಯಾಗಲಿ ಇಡಬೇಡಿ.

ಬಟನ್‌ಗಳಲ್ಲಿ ಸಾಮಾನ್ಯವಾಗಿ ವೇಲ್, ಯೆಲ್ಪ್, ಹೈ-ಲೋ (ಎತ್ತರದ, ತಗ್ಗಿನ ಎರಡು ಸ್ವರ ಒಂದಾದ ಮೇಲೊಂದು) ಇರುತ್ತವೆ. ವೇಲ್ ಅಂದರೆ ನಿಧಾನವಾಗಿ ಏರಿ ಇಳಿಯುವ ಉದ್ದನೆಯ ಕೂಗು, ಹೆದ್ದಾರಿಯಲ್ಲಿ ಒಳ್ಳೆಯದು. ಯೆಲ್ಪ್ ಬೇಗ ಬೇಗ ಏರಿಳಿಯುತ್ತದೆ, ಸರ್ಕಲ್ ಬರುವ ಮುಂಚೆಯೇ ಬದಲಾಯಿಸಿಕೊಳ್ಳಬೇಕು. ಸ್ವರ ಬದಲಾದಾಗ ಜನರ ಗಮನ ಬೇಗ ಸೆಳೆಯುತ್ತದೆ. ಇದಕ್ಕಾಗಿ ಸ್ಟೇರಿಂಗ್‌ನ ಹಾರ್ನ್ ಒತ್ತಿದರೆ ಸೈರನ್‌ನ ಸ್ವರ ಬದಲಾಗುವ ಸೌಲಭ್ಯ ಅನೇಕ ಸೈರನ್‌ಗಳಲ್ಲಿ ಇದೆ. ಹಳೆಯ ಗಾಡಿಗಳಲ್ಲಿ ಹೆಚ್ಚಾಗಿ ಹಾರ್ನ್ ಬಟನ್ ಒತ್ತಿದಾಗ ಹಾರ್ನ್ ರಿಲೇಯ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಕಾಯಿಲ್‌ಗೆ ಅರ್ಥ್ ಸಿಗುತ್ತದೆ. ಆ ವೈರನ್ನು ಮಲ್ಟಿಮೀಟರ್‌ನಲ್ಲಿ ಖಚಿತ ಮಾಡಿಕೊಂಡು, ರಿಲೇ ಮೂಲಕ ಸೈರನ್‌ಗೆ ಕೊಡಬಹುದು. ಹೊಸ ಗಾಡಿಗಳಲ್ಲಿ ಹಾರ್ನ್ ಬಟನ್ ಕಂಪ್ಯೂಟರ್‌ಗೆ ಬರೀ ಸಣ್ಣ ಸಂಕೇತ ಕಳಿಸುತ್ತದೆ. ಅಲ್ಲಿ ಟೆಸ್ಟ್ ಲ್ಯಾಂಪ್ ಚುಚ್ಚುವುದೂ ಅಪಾಯ, ವೈರಿಂಗ್ ಡಯಾಗ್ರಾಂ ಕೈಯಲ್ಲಿಲ್ಲದೆ ಆ ಕೆಲಸವನ್ನೇ ಬಿಟ್ಟುಬಿಡಿ.

ಹ್ಯಾಂಡ್‌ಬ್ರೇಕ್ ಎಳೆದ ಕೂಡಲೇ ಸೈರನ್ ನಿಲ್ಲುವ ವ್ಯವಸ್ಥೆ ಮಾಡಿದರೆ ಅಪಘಾತದ ಜಾಗದಲ್ಲಿ ಇಳಿದು ಓಡುವ ಸಿಬ್ಬಂದಿಗೆ ದೊಡ್ಡ ಅನುಕೂಲ, ಸ್ಪೀಕರ್ ಮುಂದೆ ಹಾದುಹೋಗುವವರ ಕಿವಿಯೂ ಉಳಿಯುತ್ತದೆ. ಇದರಲ್ಲಿ ಒಂದು ಗುಪ್ತ ತೊಂದರೆ ಇದೆ. ಬಹಳಷ್ಟು ಗಾಡಿಗಳಲ್ಲಿ ಬ್ರೇಕ್‌ನ ಕೆಂಪು ದೀಪ ಹ್ಯಾಂಡ್‌ಬ್ರೇಕ್‌ಗೂ ಬ್ರೇಕ್ ಆಯಿಲ್ ಕಡಿಮೆಯಾದದ್ದಕ್ಕೂ ಒಂದೇ. ಆ ದೀಪದ ವೈರಿನಿಂದ ಲೈನ್ ತೆಗೆದರೆ, ಓಡುವಾಗ ಆಯಿಲ್ ಸ್ವಲ್ಪ ಇಳಿದರೂ ಸೈರನ್ ಸುಮ್ಮನಾಗಿಬಿಡುತ್ತದೆ. ಹ್ಯಾಂಡ್‌ಬ್ರೇಕ್ ಸ್ವಿಚ್ಚಿನ ಹತ್ತಿರವೇ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಹಾಕಿ ಬೇರ್ಪಡಿಸಿ ತೆಗೆಯಬೇಕು. ಹಾಗೇ ಸೈರನ್‌ನ ಆನ್-ಆಫ್ ಸಂಕೇತದ ಸಣ್ಣ ವೈರನ್ನು ಇಗ್ನಿಷನ್ ಲೈನ್‌ಗೆ ಕೊಡಿ, ಕೀ ತೆಗೆದ ಮೇಲೆ ಡಬ್ಬಿ ಪೂರ್ತಿ ಮಲಗುತ್ತದೆ, ಬ್ಯಾಟರಿ ಇಳಿಯುವುದಿಲ್ಲ.

ಅಗ್ನಿಶಾಮಕ ವಾಹನದಂಥ ದೊಡ್ಡ ಗಾಡಿಗಳಲ್ಲಿ 24 ವೋಲ್ಟ್ ಇರುತ್ತದೆ, ಎರಡು ಬ್ಯಾಟರಿ ಸರಣಿಯಲ್ಲಿ. 12 ವೋಲ್ಟ್ ಸೈರನ್ ಕೈಯಲ್ಲಿದೆ ಅಂತ ಒಂದೇ ಬ್ಯಾಟರಿಯಿಂದ ಲೈನ್ ತೆಗೆಯುವವರಿದ್ದಾರೆ. ಆ ಬ್ಯಾಟರಿ ಸದಾ ಅರ್ಧ ಚಾರ್ಜ್‌ನಲ್ಲಿ ಉಳಿಯುತ್ತದೆ, ಇನ್ನೊಂದು ಓವರ್‌ಚಾರ್ಜ್ ಆಗಿ ಕುದಿಯುತ್ತದೆ, ಎರಡೂ ಬೇಗ ಸಾಯುತ್ತವೆ. 24 ವೋಲ್ಟ್‌ನದೇ ಸೈರನ್ ತನ್ನಿ, ಇಲ್ಲವೇ 24 ವೋಲ್ಟನ್ನು 12ಕ್ಕೆ ಇಳಿಸಿ ಅಷ್ಟು ಆಂಪಿಯರ್ ಕೊಡಬಲ್ಲ ಕನ್ವರ್ಟರ್ ಹಾಕಿ.

ಪರೀಕ್ಷೆ ಮಾಡುವಾಗ ಆಸ್ಪತ್ರೆ ಆವರಣ ಬಿಟ್ಟು ಬಯಲಿಗೆ ಹೋಗಿ, ಇಯರ್ ಮಫ್ ಹಾಕಿಕೊಳ್ಳಿ, ಸ್ಪೀಕರ್ ಮುಂದೆ ಯಾರೂ ನಿಲ್ಲದಿರಲಿ. ಎಂಜಿನ್ ಓಡಿಸಿ, ಹೆಡ್‌ಲೈಟ್, ಎಸಿ, ಮೇಲಿನ ಲೈಟ್ ಎಲ್ಲ ಹಾಕಿ ಸೈರನ್ ಕೂಗಿಸಿ. ಮಲ್ಟಿಮೀಟರ್‌ನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಸೈರನ್ ಡಬ್ಬಿಯ ಪ್ಲಸ್‌ಗೆ ಹಿಡಿದರೆ ಪ್ಲಸ್ ದಾರಿಯ ನಷ್ಟ ತಿಳಿಯುತ್ತದೆ. ಹಾಗೇ ಮೈನಸ್‌ನಿಂದ ಮೈನಸ್‌ಗೆ ಹಿಡಿದರೆ ಅರ್ಥ್‌ನ ನಷ್ಟ. ಎರಡೂ ಸೇರಿ ಅರ್ಧ ವೋಲ್ಟ್ ಒಳಗಿದ್ದರೆ ಕೆಲಸ ಚೆನ್ನಾಗಿದೆ. ಒಂದು ಕಡೆ ಜಾಸ್ತಿ ಇದ್ದರೆ ಆ ಕಡೆಯ ಜಾಯಿಂಟ್ ಒಂದೊಂದಾಗಿ ನೋಡುತ್ತಾ ಬನ್ನಿ. ಐದು ನಿಮಿಷ ಆದ ಮೇಲೆ ಆಫ್ ಮಾಡಿ ಫ್ಯೂಸ್ ಹೋಲ್ಡರ್, ಲಗ್‌ಗಳನ್ನು ಮುಟ್ಟಿ ನೋಡಿ, ಬಿಸಿ ಇರುವ ಜಾಗವೇ ಸಡಿಲ ಇರುವ ಜಾಗ. ಸೈರನ್ ಕೂಗದಿದ್ದರೆ ಸ್ಪೀಕರ್ ವೈರನ್ನು ಡಬ್ಬಿಯಿಂದ ಬಿಚ್ಚಿ ಓಮ್ ಅಳೆಯಿರಿ. 11 ಓಮ್ ಸ್ಪೀಕರ್‌ಗೆ ಮೀಟರ್‌ನಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ ತೋರಿಸುತ್ತದೆ, ಅದು ಸರಿ. ಏನೂ ತೋರಿಸದಿದ್ದರೆ ಕಾಯಿಲ್ ಕಡಿದಿದೆ, ಸೊನ್ನೆ ಹತ್ತಿರ ಇದ್ದರೆ ವೈರ್ ಎಲ್ಲೋ ಶಾರ್ಟ್ ಆಗಿದೆ.

ಮಳೆಗಾಲದ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ ಈ ಲೈನನ್ನು ಪೂರ್ತಿ ನೋಡಿ. ಶೆಡ್‌ನಲ್ಲಿ ನಿಲ್ಲುವ ಗಾಡಿಯಾದರೆ ಇಲಿ ಕಡಿದ ಗುರುತಿದೆಯಾ ಅಂತಲೂ ನೋಡಬೇಕು. ಫ್ಯೂಸ್ ಹೋಲ್ಡರ್ ಮೇಲೆ ಅಳಿಸದ ಪೆನ್ನಿನಲ್ಲಿ "ಸೈರನ್, 15 ಆಂಪಿಯರ್" ಅಂತ ಬರೆಯಿರಿ, ಅದೇ ಅಳತೆಯ ಎರಡು ಫ್ಯೂಸ್‌ಗಳನ್ನು ಅಲ್ಲೇ ಕಟ್ಟಿಡಿ. ಯಾವ ಬಣ್ಣದ ವೈರ್ ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಒಂದು ಹಾಳೆಯಲ್ಲಿ ಚಿತ್ರ ಬರೆದು, ಸೈರನ್ ಪುಸ್ತಕದ ಜೊತೆ ಗಾಡಿಯ ದಾಖಲೆ ಇಡುವ ಜಾಗದಲ್ಲೇ ಇಡಿ. ರಾತ್ರಿ ಹೊತ್ತು ಬೇರೆ ಊರಿನಲ್ಲಿ ಗಾಡಿ ಕೈಕೊಟ್ಟಾಗ ಅಲ್ಲಿನ ಎಲೆಕ್ಟ್ರಿಷಿಯನ್ ಮೊದಲು ಕೇಳುವುದು ಅದನ್ನೇ.